ಹತ್ತೊಂಬತ್ತು ಅಳತೆ

ಅವಳು ಮನುಷ್ಯರನ್ನು ಮಂಡಿಯಿಂದ ಕೆಳಗೆ ಮಾತ್ರ ನಂಬುತ್ತಿದ್ದಳು. ಅದಕ್ಕಿಂತ ಮೇಲಿರುವುದೆಲ್ಲ ಬರೀ ಮಾತು.

ಕಾಲೇಜಿನ ಕ್ರೀಡಾ ವೈದ್ಯಕೀಯ ವಿಭಾಗದಲ್ಲಿ ಅವಳಿಗೆ ಟೇಪು ಎಂದು ಹೆಸರು ಬಿದ್ದಿತ್ತು. ಬಟ್ಟೆ ಹೊಲಿಯುವವರ ಹಾಗೆ ಕೊರಳಲ್ಲಿ ಸದಾ ಒಂದು ಹಳದಿ ಟೇಪು ನೇತುಹಾಕಿಕೊಂಡು ಓಡಾಡುತ್ತಿದ್ದಳು. ಎಂ.ಎಸ್ಸಿ. ಕೊನೆಯ ವರ್ಷ, ಕ್ಲಾಸಿಗೆ ಮೊದಲು. ಅದರಲ್ಲಿ ಹೆಮ್ಮೆಪಡುವಂಥದ್ದೇನೂ ಅವಳಿಗೆ ಕಂಡಿರಲಿಲ್ಲ. ಉಳಿದವರನ್ನು ನೋಡಿದ್ದಳಲ್ಲ. ಹತ್ತು ಸ್ನಾಯುಗಳ ಹೆಸರು ಬಾಯಿಪಾಠ ಮಾಡಿ ಕ್ಯಾಂಟೀನಿನಲ್ಲಿ ಗಟ್ಟಿಯಾಗಿ ಹೇಳುವವರು. ಆಟಗಾರರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲೆಂದೇ ಸೀಟು ತೆಗೆದುಕೊಂಡವರು. ಐಸ್ ಪ್ಯಾಕ್ ಕಟ್ಟಲು ಬರದಿದ್ದರೂ ಅಭಿಪ್ರಾಯ ಹೇಳಲು ಬರುವವರು. ಇಡೀ ವಿಭಾಗದಲ್ಲಿ ಲ್ಯಾಬಿನ ಮೂಲೆಯ ಅಸ್ಥಿಪಂಜರದ ಮೇಲೆ ಮಾತ್ರ ಅವಳಿಗೆ ಸ್ವಲ್ಪ ಗೌರವವಿತ್ತು. ಅದರ ಬಲಗಾಲಿಗೆ ಮಂಡಿಚಿಪ್ಪು ಇರಲಿಲ್ಲ. ಇದೆ ಎಂದು ಅದು ಒಂದು ದಿನವೂ ಹೇಳಿಕೊಂಡಿರಲಿಲ್ಲ.

ಆಟಗಾರರಾದರೆ ಹೇಳಿಕೊಳ್ಳುತ್ತಾರೆ. ನೋವಿದೆಯಾ ಎಂದರೆ ಇಲ್ಲ ಎನ್ನುತ್ತಾರೆ. ಇಷ್ಟು ಬಗ್ಗುತ್ತಾ ಎಂದರೆ ಹಲ್ಲು ಕಚ್ಚಿ ಬಗ್ಗಿಸಿ ತೋರಿಸಿ, ಹೊರಗೆ ಹೋಗಿ ಗೋಡೆ ಹಿಡಿದು ನಿಲ್ಲುತ್ತಾರೆ. ಇದನ್ನು ಅವಳು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಅವಳ ಅಕ್ಕ ಓಟಗಾರ್ತಿಯಾಗಿದ್ದಳು. ಮೊಣಕಾಲ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದಾಗ ಮೂರು ತಿಂಗಳು ಯಾರಿಗೂ ಹೇಳದೆ ಓಡಿದಳು. ಒಂದು ಬೆಳಿಗ್ಗೆ ಕೊನೆಯ ತಿರುವಿನಲ್ಲಿ ಎಲುಬೇ ಹೇಳಿತು. ಆ ಸದ್ದು ಬೇಲಿಯ ಆಚೆ ನೀರಿನ ಬಾಟಲಿ ಹಿಡಿದು ನಿಂತಿದ್ದ ತಂಗಿಗೂ ಕೇಳಿಸಿತು. ಈಗ ಅಕ್ಕ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ನಡೆಯುವಾಗ ಬಲಕ್ಕೆ ವಾಲುತ್ತಾಳೆ. ದಿನಾ ಸಂಜೆ ಆರಕ್ಕೆ ಫೋನು ಮಾಡಿ, ಇವತ್ತು ಯಾರ ಕಾಲು ಮುರಿದೆ ಡಾಕ್ಟ್ರಮ್ಮ, ಎಂದು ಕೇಳುತ್ತಾಳೆ.

ಕೊನೆಯ ಸೆಮಿಸ್ಟರಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಪೆಟ್ಟಾದ ಒಬ್ಬ ಆಟಗಾರನನ್ನು ಒಪ್ಪಿಸುವುದು ಆ ವಿಭಾಗದ ಪದ್ಧತಿ. ಹದಿನಾರು ವಾರ ವ್ಯಾಯಾಮ ಮಾಡಿಸಬೇಕು, ಅಳೆಯಬೇಕು, ಬರೆಯಬೇಕು. ಆಮೇಲೆ ಫೈಲನ್ನು ಮೇಷ್ಟ್ರ ಮುಂದಿಟ್ಟು ಇವನು ಆಡಬಹುದು, ಅಥವಾ ಆಡಬಾರದು ಎಂದು ಹೇಳಬೇಕು. ಆ ಫೈಲು ಒಪ್ಪಿಗೆಯಾದರೇ ಡಿಗ್ರಿ. ಮೇಷ್ಟ್ರನ್ನು ಎಲ್ಲರೂ ಮಂಡಿ ಮೇಷ್ಟ್ರು ಎನ್ನುತ್ತಿದ್ದರು. ಮೂವತ್ತು ವರ್ಷ ಅವರು ಮಂಡಿ ಬಿಟ್ಟು ಬೇರೇನೂ ಓದಿರಲಿಲ್ಲ. ಅವರು ಅವಳ ಮೇಜಿನ ಮೇಲೆ ಫೈಲು ಹಾಕಿ, ನಿನಗೆ ಚಿಗರೆ, ಎಂದು ಹೇಳಿ ಹೋದರು.

ಚಿಗರೆ ಯಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿರಲು ವಿಭಾಗದವರು ಬಿಟ್ಟಿರಲಿಲ್ಲ. ಲಾಂಗ್ ಜಂಪ್‌ನಲ್ಲಿ ಅವನು ಗಾಳಿಯಲ್ಲಿರುವ ಫೋಟೊವನ್ನು ಮೆಟ್ಟಿಲ ಬಳಿ ಬಾಗಿಲಿನಷ್ಟು ದೊಡ್ಡದಾಗಿ ಅಂಟಿಸಿದ್ದರು. ಆ ಫೋಟೊ ತೆಗೆದ ಮುಂದಿನ ತಿಂಗಳೇ ಅವನು ಮರಳಿನಲ್ಲಿ ತಪ್ಪಾಗಿ ಇಳಿದು ಎಡಮಂಡಿಯ ಲಿಗಮೆಂಟ್ ಹರಿದುಕೊಂಡಿದ್ದ. ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಮೊದಲು ಆಟ, ಆಮೇಲೆ ಓದು ಎಂದುಕೊಂಡಿದ್ದವನು ಪೆಟ್ಟಾದ ಮೇಲೆ ಬಂದು ಅದೇ ವಿಭಾಗದಲ್ಲಿ ಬಿ.ಎಸ್ಸಿ.ಗೆ ಸೇರಿದ್ದ. ದೇಹ ಹೇಗೆ ಚಲಿಸುತ್ತದೆ ಎಂದು ಓದಲು ಬಂದನಂತೆ. ಬಿದ್ದಮೇಲೆ ನೆಲ ಎಲ್ಲಿದೆ ಎಂದು ಹುಡುಕುವವರ ಪೈಕಿ, ಎಂದುಕೊಂಡಳು ಟೇಪು.

ಬಾಗಿಲಿನಿಂದ ಮೇಜಿನವರೆಗೆ ಅವನು ಒಂಬತ್ತು ಹೆಜ್ಜೆ ನಡೆದು ಬಂದ. ಅವಳು ಒಂಬತ್ತನ್ನೂ ನೋಡಿದಳು.

"ನಮಸ್ಕಾರ ಮೇಡಂ. ಕಾಲು ಈಗ ಪೂರ್ತಿ ಸರಿಯಾಗಿದೆ," ಎಂದ.

"ಸುಳ್ಳು."

"ಇನ್ನೂ ಕೂತೇ ಇಲ್ಲವಲ್ಲ ನಾನು."

ಎಡಗಾಲನ್ನು ನೆಲದ ಮೇಲೆ ಬಲಗಾಲಿಗಿಂತ ಕಡಿಮೆ ಹೊತ್ತು ಇಡುತ್ತೀರಿ, ಅದಕ್ಕೆ ಭಾರ ಕೊಡಲು ಹೆದರುತ್ತೀರಿ, ಎಂದು ಅವಳು ಪೆನ್ನಿನಿಂದ ತೋರಿಸಿ ಹೇಳಿದಳು. ಅವನು ತನ್ನ ಕಾಲನ್ನು ತಾನೇ ಬಗ್ಗಿ ನೋಡಿಕೊಂಡ. ನೀವು ಮುಖ ನೋಡಿಯೇ ಇಲ್ಲ, ಎಂದ. ಮುಖ ಯಾರಿಗೆ ಬೇಕು, ಎಂದು ಅವಳು ಫೈಲು ತೆರೆದಳು.

ಅದು ಸೊಕ್ಕಿನ ಮಾತಾಗಿದ್ದರೆ ಅವನು ಮರೆತುಬಿಡುತ್ತಿದ್ದನೇನೋ. ನಿಜವೇ ಆಗಿತ್ತು. ಮೂರನೇ ವಾರ ಕ್ಯಾಂಟೀನಿನಲ್ಲಿ ಟೇಬಲ್ಲಿನ ಹಿಂದೆ ಕೂತಿದ್ದವನೊಬ್ಬ ಅವಳಿಗೆ ನಮಸ್ಕಾರ ಹೇಳಿ ಕುರ್ಚಿ ಎಳೆದುಕೊಟ್ಟ. ಅವಳು ಟ್ರೇ ಹಿಡಿದು ನಿಂತು, ಯಾರು ನೀವು, ಎಂದಳು. ಅವನು ಎಡಗಾಲನ್ನು ಟೇಬಲ್ಲಿನ ಆಚೆಗೆ ಚಾಚಿದ. ಮಂಡಿಯ ಮೇಲೆ ಹೊಲಿಗೆಯ ಗುರುತು, ಅದಕ್ಕಿಂತ ಮೇಲೆ, ಚಡ್ಡಿಯ ಅಂಚಿನಲ್ಲಿ, ಅವಳದೇ ಪೆನ್ನಿನ ಚುಕ್ಕೆ.

"ಓ, ನೀವಾ," ಎಂದಳು.

"ನಾಳೆ ಇದೇ ಕಾಲಿಗೆ ಬೇರೆ ಮುಖ ಜೋಡಿಸಿಕೊಂಡು ಬಂದರೆ ನಿಮಗೆ ಗೊತ್ತೇ ಆಗಲ್ಲ."

"ಆಗಬೇಕಾದ ಅಗತ್ಯವೂ ಇಲ್ಲ."

ಅವಳು ಬೇರೆ ಟೇಬಲ್ಲಿಗೆ ಹೋಗಿ ಕೂತಳು. ಆ ಮೂಲೆಯಿಂದ ಅವನು ನಗುತ್ತಿರುವುದು ಕೇಳಿಸುತ್ತಿತ್ತು. ಸೋತ ಕಾಲಿಟ್ಟುಕೊಂಡು ಇಷ್ಟು ನಗುವವನ ತಲೆಯಲ್ಲಿ ಏನಾದರೂ ಇರಲು ಸಾಧ್ಯವಿಲ್ಲ ಎಂದು ತೀರ್ಮಾನಿಸಿ ಊಟ ಮುಗಿಸಿದಳು.

ಚುಕ್ಕೆಯ ವಿಷಯ ಹೀಗೆ. ಪೆಟ್ಟಾದ ಕಾಲಿನ ತೊಡೆ ಬಡವಾಗುತ್ತದೆ. ವ್ಯಾಯಾಮ ಮಾಡಿಸಿದ ಹಾಗೆ ತುಂಬಿಕೊಳ್ಳುತ್ತದೆ. ಮಂಡಿಚಿಪ್ಪಿನ ಮೇಲಂಚಿನಿಂದ ಹದಿನೈದು ಸೆಂಟಿಮೀಟರು ಮೇಲೆ ಚುಕ್ಕೆಯಿಟ್ಟು, ಅಲ್ಲಿ ಸುತ್ತಳತೆ ತೆಗೆದು, ಎರಡೂ ತೊಡೆಯನ್ನು ಹೋಲಿಸಿ ಬರೆಯಬೇಕು. ಅವಳು ನೆಲದ ಮೇಲೆ ಮಂಡಿಯೂರಿ ಟೇಪು ಸುತ್ತಿ ಅಂಕಿ ಓದುವಾಗ ಅವನಿಗೆ ಕಾಣುತ್ತಿದ್ದದ್ದು ಅವಳ ಬೈತಲೆ, ಕೂದಲಿಗೆ ಸಿಕ್ಕಿಸಿಕೊಂಡ ಪೆನ್ಸಿಲು. ಅವನು ನೋಡುತ್ತಿದ್ದಾನೆ ಎಂದು ನೆತ್ತಿಗೆ ಗೊತ್ತಾಗುತ್ತಿತ್ತು. ಕಿವಿ ಬಿಸಿಯಾಗುತ್ತಿತ್ತು. ಇಂಥದ್ದಕ್ಕೆಲ್ಲ ಬಿಸಿಯಾಗುವ ಕಿವಿಯ ಮೇಲೆ ಅವಳಿಗೆ ಅಸಹ್ಯವೆನಿಸುತ್ತಿತ್ತು.

ಒಂದು ಗುರುವಾರ ಹೊಸ ಚುಕ್ಕೆಯಿಡಲು ಹೋದರೆ ಸೋಮವಾರದ್ದು ಹಾಗೇ ಇತ್ತು.

"ಸ್ನಾನ ಮಾಡಲ್ವಾ?"

"ಚುಕ್ಕೆ ಬಿಟ್ಟು ಮಾಡ್ತೀನಿ."

ಕೊಳಕರ ಜೊತೆ ಕೆಲಸ ಮಾಡುವುದು ನನ್ನ ಹಣೆಬರಹ, ಎಂದು ಅವಳು ಅದರ ಮೇಲೆಯೇ ಇನ್ನೊಂದು ಚುಕ್ಕೆ ಒತ್ತಿದಳು. ಬೇಕಾದ್ದಕ್ಕಿಂತ ಜೋರಾಗಿ.

ಎಂಟನೇ ವಾರಕ್ಕೆ ಎರಡು ತೊಡೆಯೂ ಸಮವಾದವು. ಉಳಿದದ್ದು ಹಾಪ್ ಟೆಸ್ಟ್ ಒಂದೇ. ಒಂದು ಕಾಲಿನಲ್ಲಿ ನಿಂತು, ಅದೇ ಕಾಲಿನಲ್ಲಿ ಮುಂದಕ್ಕೆ ಹಾರಿ, ಅದೇ ಕಾಲಿನಲ್ಲಿ ಇಳಿದು ಎರಡು ಸೆಕೆಂಡು ಅಲುಗದೆ ನಿಲ್ಲಬೇಕು. ಪೆಟ್ಟಾದ ಕಾಲು ಒಳ್ಳೆಯ ಕಾಲಿನ ನೂರಕ್ಕೆ ತೊಂಬತ್ತರಷ್ಟು ಹಾರಿದರೆ ಅವನು ಆಡಬಹುದು. ಚಿಗರೆಯ ಬಲಗಾಲು ಎರಡು ಮೀಟರು ಇಪ್ಪತ್ತೊಂದು ಹಾರುತ್ತಿತ್ತು. ಎಡಗಾಲು ವಾರ ವಾರ ಏರುತ್ತ ಬಂದು ಒಂಬತ್ತನೇ ವಾರ ಒಂದು ಎಪ್ಪತ್ತೆಂಟಕ್ಕೆ ಮುಟ್ಟಿ ಅಲ್ಲೇ ನಿಂತಿತು. ನೂರಕ್ಕೆ ಎಂಬತ್ತು. ಹತ್ತನೇ ವಾರವೂ ಎಂಬತ್ತು. ಹನ್ನೊಂದು, ಹನ್ನೆರಡು, ಹದಿಮೂರು, ಒಂದೂ ಬದಲಿಲ್ಲ.

ಅವಳು ತನ್ನನ್ನೇ ಶಪಿಸಿಕೊಂಡಳು. ವ್ಯಾಯಾಮದ ಪಟ್ಟಿಯನ್ನು ಮೂರು ಸಲ ಹರಿದು ಹೊಸದು ಬರೆದಳು. ಅಕ್ಕನ ಕಾಲಿಗೆ ಆಗ ಯಾರೂ ಮಾಡದಿದ್ದದ್ದನ್ನು ಈ ಕಾಲಿಗೆ ಮಾಡಿ ತೋರಿಸುತ್ತೇನೆ ಎಂದು ಒಳಗೊಳಗೇ ಹಟ ಹಿಡಿದಿದ್ದಳು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ವಿಶ್ವವಿದ್ಯಾಲಯಗಳ ಕ್ರೀಡಾಕೂಟಕ್ಕೆ ಹೆಸರು ಕಳಿಸಲು ಹದಿನಾಲ್ಕನೇ ವಾರದ ಶುಕ್ರವಾರವೇ ಕೊನೆ. ಇಪ್ಪತ್ತೈದು ತುಂಬಿದವರನ್ನು ಅಲ್ಲಿ ಸೇರಿಸುವುದಿಲ್ಲ. ಚಿಗರೆಗೆ ಇನ್ನೆರಡು ತಿಂಗಳಲ್ಲಿ ಇಪ್ಪತ್ತೈದು ತುಂಬುತ್ತಿತ್ತು. ಈ ಸಲ ಇಲ್ಲವಾದರೆ ಅವನು ಮೆಟ್ಟಿಲ ಬಳಿಯ ಫೋಟೊ ಆಗಿಯೇ ಉಳಿಯಬೇಕು.

ಮಂಡಿ ಮೇಷ್ಟ್ರು ಫೈಲು ತಿರುವಿ ನೋಡಿ ತುಟಿ ಉಬ್ಬಿಸಿದರು. ಸ್ನಾಯು ಸರಿಯಿದೆ, ಮಂಡಿ ಸರಿಯಿದೆ, ಹಾಗಿದ್ದೂ ಹಾರುತ್ತಿಲ್ಲ ಎಂದರೆ ತಪ್ಪು ಅವನ ತಲೆಯದ್ದೋ ನಿನ್ನ ಅಳತೆಯದ್ದೋ, ಎಂದರು. ನನ್ನ ಅಳತೆ ತಪ್ಪಲ್ಲ, ಎಂದಳು ಅವಳು. ಜೀವನದಲ್ಲಿ ಅಷ್ಟು ಖಾತ್ರಿಯಾಗಿ ಹೇಳಿದ ಮಾತು ಇನ್ನೊಂದಿರಲಿಲ್ಲ.

ಹದಿನಾಲ್ಕನೇ ವಾರದ ಬುಧವಾರ ಮಧ್ಯಾಹ್ನ ಲ್ಯಾಬಿನ ಕಿಟಕಿಯ ಬಳಿ ನಿಂತು ಅವಳು ಸೇಬು ತಿನ್ನುತ್ತಿದ್ದಳು. ಕಟ್ಟಡದ ಹಿಂದೆ ನೀರಿನ ಪೈಪು ಹಾಕಲು ಉದ್ದಕ್ಕೂ ಕಾಲುವೆ ಅಗೆದು ಬಿಟ್ಟಿದ್ದರು. ಸುತ್ತ ಕೆಸರು. ಒಬ್ಬ ಅಡ್ಡದಾರಿ ಹಿಡಿದು ಬಂದ. ಅವನ ಬಲಗಾಲಿನ ಶೂ ಕೆಸರಿನಲ್ಲಿ ಹೂತುಕೊಂಡು ಕಾಲು ಮಾತ್ರ ಮೇಲೆ ಬಂತು. ಬಿಳಿ ಕಾಲುಚೀಲವನ್ನು ಕೆಸರಿಗೆ ತಾಗಿಸಲು ಮನಸ್ಸಿಲ್ಲದೆ ಎಡಗಾಲಿನಲ್ಲಿ ನಿಂತು, ಬಗ್ಗಿ ಶೂ ಕಿತ್ತುಕೊಂಡ. ಒಂದು ಕೈಯಲ್ಲಿ ಶೂ, ಇನ್ನೊಂದರಲ್ಲಿ ಊಟದ ಡಬ್ಬಿ. ಹಿಂದೆ ನೋಡಿದ, ಮುಂದೆ ನೋಡಿದ. ಆಮೇಲೆ ನಿಂತಲ್ಲಿಂದಲೇ ಎಡಗಾಲಿನಲ್ಲಿ ಕಾಲುವೆ ಹಾರಿ, ಆಚೆ ದಡದಲ್ಲಿ ಎಡಗಾಲಿನಲ್ಲೇ ಇಳಿದ. ಅಲುಗಲಿಲ್ಲ. ಕೊಕ್ಕರೆಯಂತೆ ನಿಂತು, ಡಬ್ಬಿಯನ್ನು ಕಂಕುಳಲ್ಲಿ ಇರುಕಿ ಶೂ ಹಾಕಿಕೊಂಡು, ಲೇಸು ಕಟ್ಟಿ, ಹೋದ.

ಅವಳು ಅಭ್ಯಾಸಬಲದಿಂದ ಸೆಕೆಂಡು ಎಣಿಸಿದ್ದಳು. ಹನ್ನೊಂದು.

ಆ ನಡಿಗೆ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸೇಬನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೆಳಗಿಳಿದಳು. ಕೆಸರಿನಲ್ಲಿ ಎಡಗಾಲಿನ ಗುರುತು ಈಚೆ ಒಂದು, ಆಚೆ ಒಂದು, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದಷ್ಟು ಸ್ಪಷ್ಟವಾಗಿ ಮೂಡಿತ್ತು. ಕೊರಳಿನ ಟೇಪು ಒಂದೂವರೆ ಮೀಟರಿನದು, ಸಾಲಲಿಲ್ಲ. ಮತ್ತೆ ಮೇಲೆ ಹೋಗಿ ಉದ್ದನೆಯ ಸ್ಟೀಲು ಟೇಪು ತಂದಳು. ಅದರ ತುದಿಗೆ ಕಲ್ಲು ಹೇರಿ, ಸುತ್ತು ಹಾಕಿ ಆಚೆ ಹೋಗಿ ಎಳೆದಳು. ಹಾರಿದ ಬೆರಳಿನ ತುದಿಯಿಂದ ಇಳಿದ ಹಿಮ್ಮಡಿಯವರೆಗೆ ಎರಡು ಮೀಟರು ಹದಿನಾಲ್ಕು ಸೆಂಟಿಮೀಟರು. ನೂರಕ್ಕೆ ತೊಂಬತ್ತಾರು ಮತ್ತು ಚಿಲ್ಲರೆ. ಅದೂ ಕೆಸರಿನಲ್ಲಿ, ಕೈಯಲ್ಲಿ ಡಬ್ಬಿ ಹಿಡಿದು.

ಆ ಕ್ಷಣ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಸಮಾನರ ಮೇಲೆ ಬರುವಂಥದ್ದು.

ಮರುದಿನ ಎಂದಿನಂತೆ ಟೆಸ್ಟು ಮಾಡಿಸಿದಳು. ಅವನು ಎಡಗಾಲಿನಲ್ಲಿ ನಿಂತ, ಉಸಿರೆಳೆದುಕೊಂಡ, ಹಾರಿದ, ಇಳಿದು ಸ್ವಲ್ಪ ಓಲಾಡಿದ. ಮತ್ತೆ ಒಂದು ಎಪ್ಪತ್ತೆಂಟು. ತಲೆ ಅಲ್ಲಾಡಿಸಿ, ಇಲ್ಲ ಮೇಡಂ, ಬರ್ತಾ ಇಲ್ಲ, ಎಂದ. ನಟನೆಯೂ ಬರುತ್ತಿರಲಿಲ್ಲ ಅವನಿಗೆ. ಇಷ್ಟು ದಿನ ಇದನ್ನು ನಂಬಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಫೈಲಿನಲ್ಲಿ ಏನೂ ಬರೆಯಲಿಲ್ಲ. ಎದ್ದು ಬೋರ್ಡಿನ ಮೇಲೆ ೨.೧೪ ಎಂದು ದೊಡ್ಡದಾಗಿ ಬರೆದಳು.

"ಇದು ಯಾರ ಕಾಲು ಹೇಳು."

ಅವನು ಬೋರ್ಡು ನೋಡಿದ. ಅವಳ ಬೂಟಿನ ಮೇಲೆ ಒಣಗಿದ್ದ ಕೆಸರು ನೋಡಿದ. ಮುಖದ ಬಣ್ಣ ಇಳಿಯಿತು.

"ನನ್ನನ್ನ ನೀನು ಅಂದ್ರಿ," ಎಂದ ಮೆಲ್ಲಗೆ.

"ಕಳ್ಳರಿಗೆ ಬಹುವಚನ ಯಾಕೆ. ಎಷ್ಟು ವಾರದಿಂದ?"

"ಒಂಬತ್ತನೇ ವಾರದಿಂದ."

ಅವಳು ಕಾದಳು. ಆಟಗಾರರು ನೋವು ಮುಚ್ಚಿಡುವುದನ್ನು ನೋಡಿದ್ದಳು, ಗುಣವಾದದ್ದನ್ನು ಮುಚ್ಚಿಟ್ಟವನನ್ನು ನೋಡಿರಲಿಲ್ಲ. ಇದಕ್ಕೆ ಅವಳ ಯಾವ ಪುಸ್ತಕದಲ್ಲೂ ಪಾಠ ಇರಲಿಲ್ಲ. ಅವನು ಬೆಂಚಿನ ತುದಿಯಲ್ಲಿ ಕೂತು, ಕಾಲುಚೀಲ ಎಳೆದುಕೊಳ್ಳುತ್ತ, ಅರ್ಧರ್ಧ ವಾಕ್ಯದಲ್ಲಿ ಹೇಳಿದ. ಟೆಸ್ಟು ಪಾಸಾದ ದಿನ ಫೈಲು ಮುಚ್ಚುತ್ತದೆ. ಫೈಲು ಮುಚ್ಚಿದರೆ ಸೋಮವಾರ ಗುರುವಾರ ಇಲ್ಲಿಗೆ ಬರಲು ನೆಪವಿಲ್ಲ. ಹೊರಗೆ ಎಲ್ಲಾದರೂ ಸಿಕ್ಕಿದರೆ ನಿಮಗೆ ನನ್ನ ಗುರುತೂ ಹತ್ತುವುದಿಲ್ಲ. ಹಾಗಾಗಿ.

"ಹಾಗಾಗಿ?"

"ಹಾಗಾಗಿ ಸ್ವಲ್ಪ ಕಡಿಮೆ ಹಾರಿದೆ."

ಅವಳು ನಕ್ಕಳು. ಚೆನ್ನಾಗಿಲ್ಲದ ನಗು.

"ನಮ್ಮಕ್ಕ ಓಡಬೇಕು ಅಂತ ಕಾಲು ಮುರ್ಕೊಂಡಳು. ಅವಳನ್ನ ದಡ್ಡಿ ಅಂತ ಹತ್ತು ವರ್ಷದಿಂದ ಬೈತಿದೀನಿ. ನೀನು ಒಳ್ಳೆ ಕಾಲಿಟ್ಕೊಂಡು ಕುಂಟನ ವೇಷ ಹಾಕ್ಕೊಂಡು ಕೂತಿದೀಯ, ಇರೋ ಒಂದೇ ಕೂಟ ಬಿಟ್ಟು. ಅದಕ್ಕೆ ಪ್ರೀತಿ ಅಂತ ಹೆಸರಿಡಬೇಡ. ನನಗೆ ವಾಕರಿಕೆ ಬರುತ್ತೆ."

"ನಾನು ಆ ಹೆಸರು ಹೇಳಲೇ ಇಲ್ಲ. ನೀವೇ ಹೇಳಿದ್ದು."

ಅವಳ ಕಿವಿ ಬಿಸಿಯಾಯಿತು. ಆ ಕಿವಿಯನ್ನು ಲೆಕ್ಕಿಸದೆ ಅವಳು ಮುಂದುವರಿದಳು. ನಾನು ನೆಪ. ನಿಜವಾದ ಕಾರಣ ಬೇರೆ. ಪಾಸಾದರೆ ಕೂಟಕ್ಕೆ ಹೋಗಬೇಕು, ಹೋದರೆ ಹಾರಬೇಕು, ಹಾರಿದರೆ ಮೆಟ್ಟಿಲ ಬಳಿಯ ಫೋಟೊದಲ್ಲಿರುವವನು ಈಗ ಇಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಗಾಯ ವಾಸಿಯಾಗದವನಾಗಿದ್ದರೆ ಎಲ್ಲರೂ ಅಯ್ಯೋ ಎನ್ನುತ್ತಾರೆ. ವಾಸಿಯಾಗಿ ಸೋತವನಿಗೆ ಯಾರೂ ಏನೂ ಅನ್ನುವುದಿಲ್ಲ.

"ನಿನ್ನ ಹೆದರಿಕೆಗೆ ನನ್ನನ್ನ ಬ್ಯಾಂಡೇಜು ಮಾಡ್ಕೊಂಡೆ," ಎಂದಳು.

ಹೊರಗೆ ಯಾರೋ ಚೆಂಡು ಪುಟಿಸುತ್ತ ಹೋದರು.

"ಅರ್ಧ ಅದು," ಎಂದ. "ಹೌದು, ಹೆದರಿಕೆ. ಇನ್ನರ್ಧ ನೀವು. ಯಾವುದು ಎಷ್ಟು ಅಂತ ನನಗೆ ಗೊತ್ತಿಲ್ಲ. ಅಳೆಯೋದು ನಿಮ್ಮ ಕೆಲಸ."

"ನನ್ನ ಅಳತೆಗೆ ನೀನು ಮರ್ಯಾದೆ ಉಳಿಸಿದೀಯಾ? ಆರು ವಾರ ಬರೆದದ್ದೆಲ್ಲ ಸುಳ್ಳು. ಈ ಕೋಣೆಯಲ್ಲಿ ನಿಜ ಹೇಳಿದವಳು ನಾನೊಬ್ಬಳೇ."

ಆಗ ಅವನು ತಲೆಯೆತ್ತಿದ. ಅವನ ಕಣ್ಣಿನಲ್ಲಿ ಮೊದಲ ಸಲ ಅವಳದಕ್ಕೆ ಸರಿಸಮವಾದ ಒಂದು ತಾತ್ಸಾರ ಕಂಡಿತು. ನೋಯಿಸುವಂಥದ್ದಲ್ಲ, ಆದರೂ ತಾತ್ಸಾರವೇ. ಗೋಡೆಯ ಮೇಲೆ ಅಂಟಿಸಿದ್ದ ನಿಯಮಗಳ ಹಾಳೆಯತ್ತ ಬೆರಳು ತೋರಿಸಿದ.

"ನಾಲ್ಕನೇ ಸಾಲು ಓದಿ ಮೇಡಂ."

ಅವಳಿಗೆ ಓದಬೇಕಾಗಿರಲಿಲ್ಲ. ಆ ಹಾಳೆ ಟೈಪು ಮಾಡಿದವಳೇ ಅವಳು. ತೊಡೆಯ ಸುತ್ತಳತೆ: ಹದಿನೈದು ದಿನಕ್ಕೊಮ್ಮೆ.

"ನೀವು ಬರೆಯೋವಾಗ ನಾನು ಎದುರು ಕೂತಿರ್ತೀನಿ. ತಲೆಕೆಳಗಾಗಿ ಓದೋದು ಅಭ್ಯಾಸವಾಗಿದೆ. ಹದಿನಾಲ್ಕು ವಾರಕ್ಕೆ ಏಳು ಅಳತೆ ಇರಬೇಕು. ನಿಮ್ಮ ಫೈಲಲ್ಲಿ ಹತ್ತೊಂಬತ್ತಿದೆ. ಎಂಟನೇ ವಾರಕ್ಕೇ ಎರಡೂ ತೊಡೆ ಸಮ ಆಗಿತ್ತು, ಆಮೇಲೆ ಅಳೆಯೋ ಅಗತ್ಯವೇ ಇರಲಿಲ್ಲ. ಆದರೂ ಹನ್ನೊಂದು ಸಲ ಅಳೆದ್ರಿ. ಒಂದೇ ಅಂಕಿ, ಹನ್ನೊಂದು ಸಲ." ಅವನು ಶೂಗೆ ಕೈ ಹಾಕಿದ. "ನಾನು ಕಾಲಿನಲ್ಲಿ ಸುಳ್ಳು ಹೇಳಿದೆ. ನೀವು ಟೇಪಿನಲ್ಲಿ."

ಅವನು ಲೇಸು ಕಟ್ಟಿ ಹೋದಮೇಲೆ ಟೇಪು ಫೈಲು ತೆರೆದಳು. ಎಣಿಸಿದಳು. ಹತ್ತೊಂಬತ್ತು. ತನ್ನದೇ ಕೈಬರಹ, ನೀಟಾದ ಅಕ್ಷರ, ತಾರೀಖಿನ ಸಮೇತ. ಪ್ರೇಮಪತ್ರ ಬರೆಯುವವರನ್ನು ಕಂಡು ಹಾಸ್ಟೆಲಿನಲ್ಲಿ ಮೂಗು ಮುರಿಯುತ್ತಿದ್ದವಳು ತಾನು. ಅವರಾದರೂ ಬಣ್ಣದ ಕಾಗದದ ಮೇಲೆ ಬರೆಯುತ್ತಿದ್ದರು. ತಾನು ಸರ್ಕಾರಿ ಫೈಲಿನಲ್ಲಿ ಬರೆದಿದ್ದಳು, ಸೆಂಟಿಮೀಟರಿನಲ್ಲಿ.

ಅವಳು ಮೂಲೆಯ ಅಸ್ಥಿಪಂಜರದ ಕಡೆಗೆ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಫೈಲನ್ನು ಮಂಡಿ ಮೇಷ್ಟ್ರ ಮುಂದಿಟ್ಟು, ನಿಂತುಕೊಂಡೇ ಎಲ್ಲ ಹೇಳಿದಳು. ಒಂಬತ್ತನೇ ವಾರದಿಂದ ಹಾಪ್ ಟೆಸ್ಟಿನ ಅಂಕಿಗಳು ಸುಳ್ಳು, ಆಟಗಾರ ಬೇಕೆಂದೇ ಕಡಿಮೆ ಹಾರಿದ್ದಾನೆ, ತಾನು ಅದನ್ನು ಹಿಡಿಯಲಿಲ್ಲ. ತೊಡೆಯ ಅಳತೆಗಳು ಸರಿಯಿವೆ, ಆದರೆ ಹನ್ನೆರಡು ಹೆಚ್ಚಿವೆ. ಮೇಷ್ಟ್ರು ಕನ್ನಡಕ ಏರಿಸಿ ಪುಟ ತಿರುವಿದರು.

"ಹತ್ತೊಂಬತ್ತು ಸಲ ತೊಡೆ ಅಳೆದಿದ್ದೀಯಲ್ಲಮ್ಮ. ಅವನಿಗೆ ಪ್ಯಾಂಟು ಹೊಲಿಸ್ತಿದ್ಯಾ?"

ಮೇಷ್ಟ್ರು ಉತ್ತರಕ್ಕೆ ಕಾಯಲಿಲ್ಲ. ಅವರು ತಾವೇ ಟೇಪು ತೆಗೆದುಕೊಂಡು ಚಿಗರೆಯನ್ನು ಕರೆಸಿ, ಅವಳನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಟೆಸ್ಟು ಮಾಡಿದರು. ಅವಳು ವರಾಂಡದಲ್ಲಿ ನಿಂತು ಒಳಗಿನ ಸದ್ದು ಕೇಳಿದಳು. ಹಾರುವಾಗ ಒಂದು ಉಸಿರು, ಇಳಿದಾಗ ಒಂದು ಏಟು. ಏಟಿನಲ್ಲೇ ಗೊತ್ತಾಯಿತು, ಅವನು ಏನೂ ಉಳಿಸಿಕೊಂಡಿರಲಿಲ್ಲ. ನೂರಕ್ಕೆ ತೊಂಬತ್ತೇಳು. ಮೇಷ್ಟ್ರು ಅವನ ಅರ್ಜಿಗೆ ಸಹಿ ಹಾಕಿದರು. ಅವಳ ಫೈಲಿನ ಮೇಲೆ ಅಡ್ಡಗೆರೆ ಎಳೆದರು. ಇದನ್ನು ಒಪ್ಪಲಾಗುವುದಿಲ್ಲ, ಮುಂದಿನ ಸೆಮಿಸ್ಟರಿನಲ್ಲಿ ಬೇರೆ ಆಟಗಾರನನ್ನು ತಗೊಂಡು ಮೊದಲಿನಿಂದ ಮಾಡು, ಎಂದರು. ಕ್ಲಾಸಿಗೆ ಮೊದಲಿದ್ದವಳಿಗೆ ಡಿಗ್ರಿ ಆರು ತಿಂಗಳು ತಡ. ಆಗಲಿ ಸರ್, ಎಂದಳು. ಹೊರಡುವಾಗ ಅವರು ಕರೆದು, ಈ ಸಲ ಹೆಂಗಸರ ಹಾಕಿ ತಂಡದಿಂದ ಯಾರನ್ನಾದರೂ ಕೊಡ್ತೀನಿ, ಎಂದು ಸೇರಿಸಿದರು.

ಅಂದು ಸಂಜೆ ಅಕ್ಕನಿಗೆ ಇದನ್ನೆಲ್ಲ ಒದರಿದಳು. ಅವನೆಂಥ ಮೂರ್ಖ, ತಾನೆಂಥ ಮೂರ್ಖಳು, ಎಲ್ಲ. ಅಕ್ಕ ಪೂರ್ತಿ ಕೇಳಿ, ಯಾವ ಕಾಲು ಎಂದಿದ್ದೆ, ಎಡವಾ ಬಲವಾ, ಎಂದು ಮಾತ್ರ ಕೇಳಿದಳು.

ಕೂಟದ ದಿನ ಟೇಪು ಹೋಗಬೇಕಾಗಿರಲಿಲ್ಲ. ಫಸ್ಟ್ ಏಡ್ ಪೆಟ್ಟಿಗೆ ಹಿಡಿದು ಕೂರಲು ಒಬ್ಬರು ಬೇಕೆಂದು ಪಟ್ಟಿ ಹಾಕಿದ್ದರು. ಉಳಿದವರು ಸರಿಯಾಗಿ ಬ್ಯಾಂಡೇಜು ಸುತ್ತುವುದಿಲ್ಲ ಎಂಬ ಕಾರಣಕ್ಕೆ ಅವಳು ಹೆಸರು ಬರೆಸಿದಳು. ಮರಳಿನ ಹೊಂಡದ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಮೈಕಿನವನು ಚಿಗರೆಯ ಪೆಟ್ಟಿನ ಕಥೆಯನ್ನು ಮೂರು ಸಲ ಹೇಳಿದ. ಎರಡು ಸಲ ತಪ್ಪು ಕಾಲು ಹೇಳಿದ.

ಮೊದಲ ಜಿಗಿತದಲ್ಲಿ ಅವನು ಗೆರೆ ತುಳಿದ. ಎರಡನೆಯದರಲ್ಲಿ ಆರು ಎಂಬತ್ತೆಂಟು. ಮೂರನೆಯದರಲ್ಲಿ ಏಳು ಹನ್ನೆರಡು. ಫೋಟೊದ ದಿನ ಅವನು ಏಳು ಅರವತ್ತು ಹಾರಿದ್ದ. ಉಳಿದ ಮೂರು ಜಿಗಿತದಲ್ಲೂ ಏಳು ಹನ್ನೆರಡನ್ನು ಅವನು ದಾಟಲಿಲ್ಲ. ಒಟ್ಟಿನಲ್ಲಿ ಐದನೆಯವನು. ಜನ ಚಪ್ಪಾಳೆ ತಟ್ಟಿದರು, ಪಾಪ ಎಂಬಂಥ ಚಪ್ಪಾಳೆ, ಆಮೇಲೆ ಗೆದ್ದವನ ಕಡೆ ತಿರುಗಿದರು.

ಅವನು ಶೂಗಳನ್ನು ಕೈಯಲ್ಲಿ ಹಿಡಿದು, ತಲೆಯಲ್ಲೆಲ್ಲ ಮರಳು ತುಂಬಿಕೊಂಡು, ಹೊಂಡ ಸುತ್ತಿ ಅವಳ ಕುರ್ಚಿಯ ಕಡೆಗೆ ನಡೆದು ಬಂದ.

"ಐದನೆಯವನು," ಎಂದ.

"ನೋಡಿದೆ."

"ಸಾಧಾರಣ, ಅಲ್ವಾ?"

"ಬಹಳ ಸಾಧಾರಣ."

ಅವನು ನಕ್ಕ. ಬಹಳ ದಿನ ಹೊತ್ತಿದ್ದ ಮೂಟೆ ಕೆಳಗಿಟ್ಟವನ ನಗು. ಅವಳು ಪೆಟ್ಟಿಗೆಯಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು. ಕುಡಿದ. ಸ್ವಲ್ಪ ತಲೆಯ ಮೇಲೆ ಸುರಿದುಕೊಂಡ. ಮರಳು ಕೆಸರಾಗಿ ಕೆನ್ನೆಯ ಮೇಲೆ ಇಳಿಯಿತು.

"ನಿನ್ನನ್ನ ಕಂಡರೆ ನನಗೆ ಈಗಲೂ ಆಗಲ್ಲ," ಎಂದಳು.

"ಗೊತ್ತು."

"ಆರು ತಿಂಗಳು ಹಾಳು ಮಾಡಿದೆ ನನ್ನದು."

"ಅದೂ ಗೊತ್ತು. ನೀವು ಫೈಲು ಹಾಗೇ ಕೊಟ್ಟಿದ್ದರೆ ನನ್ನ ಬಿಟ್ಟು ಯಾರಿಗೂ ತಿಳೀತಿರಲಿಲ್ಲ."

"ಕಾಲುವೆಗೆ ತಿಳೀತಿತ್ತು." ಅವಳು ಪೆಟ್ಟಿಗೆಯ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಸೋಮವಾರ ಬಾ."

"ಯಾಕೆ? ಫೈಲು ಮುಚ್ಚಿತಲ್ಲ."

"ಫೈಲಿಗಲ್ಲ. ಊಟಕ್ಕೆ. ಕ್ಯಾಂಟೀನಿನಲ್ಲಿ, ಅದೇ ಟೇಬಲ್ಲು."

"ಗುರುತು ಸಿಗುತ್ತಾ?"

ಅವಳು ಆಗ ತಲೆಯೆತ್ತಿ ನೋಡಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕೈ ಅಡ್ಡ ಹಿಡಿದು, ಅಂಕಿ ಓದುವಷ್ಟು ನಿಧಾನವಾಗಿ ನೋಡಿದಳು. ಅವನೇ ಮೊದಲು ಕಣ್ಣು ತಪ್ಪಿಸಿದ.

ಸಂಜೆ ಆರಕ್ಕೆ ಫೋನು ಬಂತು. ಟೇಪು ಕೂಟದ ಕಥೆಯೆಲ್ಲ ಹೇಳಿದಳು.

"ಐದನೇ ಜಾಗಕ್ಕೆ ಇಷ್ಟೆಲ್ಲ ರಾಮಾಯಣವಾ ಡಾಕ್ಟ್ರಮ್ಮ," ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿದಳು. ಕಾಲಿನ ವಿಷಯಕ್ಕೆ ಬಂದಾಗ ಅವಳ ದನಿ ಹಾಗೇ ತಗ್ಗುತ್ತಿತ್ತು. "ಆರು ಜಿಗಿತ ಅಂದ್ರೆ ಕಡಿಮೆಯಲ್ಲ. ಆಮೇಲೆ ನಡ್ಕೊಂಡು ಬಂದನಲ್ಲ ನಿನ್ನ ಹತ್ರ. ಕುಂಟಿದ್ನಾ?"

ಟೇಪು ಉತ್ತರ ಹೇಳಲು ಬಾಯಿ ತೆರೆದಳು. ನೆನಪಿಸಿಕೊಳ್ಳಲು ನೋಡಿದಳು. ಎಡಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆ. ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ಚೂರು ಏರಿ ನಿಂತಿದೆ. ರೆಪ್ಪೆಯ ಮೇಲೆ ಮರಳಿನ ಕಣ. ಒಂದು ಕಿವಿ ಇನ್ನೊಂದಕ್ಕಿಂತ ಸ್ವಲ್ಪ ಹೊರಗೆ ಚಾಚಿಕೊಂಡಿದೆ. ಇಷ್ಟೇ ಸಿಕ್ಕಿದ್ದು. ಹೊಂಡದಿಂದ ಕುರ್ಚಿಯವರೆಗಿನ ಆ ಹೆಜ್ಜೆಗಳು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಗೊತ್ತಿಲ್ಲ," ಎಂದಳು.

ಆ ಕಡೆ ಕನ್ನಡಕವೊಂದನ್ನು ಗಾಜಿನ ಮೇಲೆ ಇಟ್ಟ ಸದ್ದು.

"ಗೊತ್ತಿಲ್ವಾ? ನಿನಗಾ?"

"ನೋಡ್ಲಿಲ್ಲ ಅಕ್ಕ."

ಅಕ್ಕನ ದನಿಯಲ್ಲಿ ನಗು ಇತ್ತೋ ಬೇರೆ ಏನಿತ್ತೋ, ಫೋನಿನಲ್ಲಿ ತಿಳಿಯಲಿಲ್ಲ.

"ಸರಿ. ಭಾನುವಾರ ಕರ್ಕೊಂಡು ಬಾ. ಕಾಲು ನಾನು ನೋಡ್ತೀನಿ."